ಗಿಲ್ಬರ್ಟ್ ಬೆನ್ನಿಗೆ ಹದಿನೇಳು ಸ್ಟೋನ್

1998ರಲ್ಲಿ ನಾನು ಸ್ಟ್ಯಾನ್ಮೋರ್‌ನ ಅಂಚಿನ ಒಂದು ಕುದುರೆ ಯಾರ್ಡ್‌ನಲ್ಲಿ ರೆಸಿಡೆಂಟ್ ಟ್ರೇನರ್ ಆಗಿದ್ದೆ. ಆಗ ನನಗೆ ಐವತ್ತೊಂದು ವರ್ಷ. ಲಾಯ, ಮೇವಿನ ಕೋಣೆ, ಮರಳು ಹಾಸಿದ ಸವಾರಿ ಕಣ, ಸುತ್ತ ಹುಲ್ಲುಗಾವಲು, ಇಷ್ಟೂ ಸೇರಿದರೆ ಯಾರ್ಡ್. ಜೂಬಿಲಿ ಲೈನ್‌ನ ಕೊನೆಯ ಸ್ಟೇಷನ್‌ನಿಂದ ಕಾರಿನಲ್ಲಿ ಹತ್ತು ನಿಮಿಷ. ರೆಸಿಡೆಂಟ್ ಎಂದರೆ, ಜೀನು ಲಗಾಮು ಇಡುವ ಟ್ಯಾಕ್ ರೂಮಿನ ಮೇಲಿನ ಎರಡು ಕೋಣೆಯ ಫ್ಲ್ಯಾಟ್ ನನ್ನದು. ಕೆಲಸ ಇರುವವರೆಗೆ ಸೂರು. ಕೆಲಸ ಹೋದ ದಿನ ಸೂಟ್‌ಕೇಸ್ ಹಿಡಿದು ಮೆಟ್ಟಿಲು ಇಳಿಯಬೇಕು.

ಮೈಸೂರಿನ ಹುಡುಗಿ ಇಲ್ಲಿಗೆ ಹೇಗೆ ಬಂದಳು ಅಂತ ಕೇಳುವವರೇ ಹೆಚ್ಚು. ನಮ್ಮ ತಂದೆ ಪೊಲೀಸ್ ಕುದುರೆಗಳ ವೆಟರಿನರಿ ಡಾಕ್ಟರ್. ನನಗೆ ಬೆಳಿಗ್ಗೆ ಆರಕ್ಕೆ ಕುದುರೆ, ಎಂಟೂವರೆಗೆ ಕಾನ್ವೆಂಟ್. ಮದುವೆಯಾಗಿ ಲಂಡನ್‌ಗೆ ಬಂದ ಮೇಲೆ, ಯಜಮಾನರು ಆಸ್ಪತ್ರೆಯ ಡ್ಯೂಟಿಯಲ್ಲಿದ್ದಾಗ, ವೀಕೆಂಡ್‌ಗಳಲ್ಲಿ ಮಕ್ಕಳಿಗೆ ರೈಡಿಂಗ್ ಕಲಿಸುತ್ತಾ ಟ್ರೇನರ್‌ಗಳ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿದೆ. ಅವರು ತೀರಿಹೋದ ಮೂರು ವರ್ಷಕ್ಕೆ ಎಜ್‌ವೇರ್‌ನ ಬಾಡಿಗೆ ಮನೆ ಖಾಲಿ ಮಾಡಿ ಈ ಕೆಲಸಕ್ಕೆ ಸೇರಿಕೊಂಡೆ. ಲೀಡ್ಸ್‌ನಲ್ಲಿದ್ದ ಮಗಳು ಫೋನ್‌ನಲ್ಲಿ, "ಮಮ್, ಪೀಪಲ್ ರಿಟೈರ್ ಫ್ರಮ್ ದಿಸ್ ಅಟ್ ಫಿಫ್ಟಿ," ಎಂದಳು. "ಹೌದಾ? ನಾನು ಶುರು ಮಾಡ್ತಾ ಇದ್ದೀನಿ," ಎಂದೆ.

ನಾನು ತಯಾರು ಮಾಡುತ್ತಿದ್ದದ್ದು ಶೋ ಹಂಟರ್ ಎನ್ನುವ ಬಗೆಯ ಎಳೆ ಕುದುರೆಗಳನ್ನು. ಹಿಂದೆ ದಿನವಿಡೀ ಸವಾರನನ್ನು ಹೊತ್ತು ಬೇಲಿ, ಹಳ್ಳ ದಾಟುತ್ತಿದ್ದ ಗಟ್ಟಿ ಕುದುರೆಯ ಮಾದರಿಯನ್ನು ರಿಂಗ್‌ನಲ್ಲಿ ತೋರಿಸುವ ಸ್ಪರ್ಧೆ ಅದು. ಮೈಕಟ್ಟು, ನಡಿಗೆ, ನಡತೆ ಮೂರಕ್ಕೂ ಅಂಕ. ಮೊದಲು ಎಲ್ಲ ಕುದುರೆಗಳೂ ಸುತ್ತು ಹಾಕಿ ಸಾಲಾಗಿ ನಿಲ್ಲುತ್ತವೆ. ಆಮೇಲೆ ಬರುತ್ತದೆ ಈ ದೇಶದ ವಿಶೇಷ ಪದ್ಧತಿ: ನಮ್ಮನ್ನು ಇಳಿಸಿ, ಜಡ್ಜ್ ತಾವೇ ಒಂದೊಂದು ಕುದುರೆಯನ್ನೂ ಹತ್ತಿ ಓಡಿಸಿ ನೋಡುತ್ತಾರೆ. ಹೆಣ್ಣು ನೋಡಲು ಬಂದವರು ನೇರ ಅಡುಗೆಮನೆಗೇ ನುಗ್ಗಿ ಸಾರಿನ ರುಚಿ ನೋಡಿದ ಹಾಗೆ.

ಗಿಲ್ಬರ್ಟ್ ಐರ್ಲೆಂಡ್‌ನಿಂದ ಬಂದಾಗ ಅವನಿಗೆ ಮೂರು ವರ್ಷ. ಕಂದು ಬಣ್ಣ, ಹಣೆಯ ಮೇಲೆ ಅವರೆಕಾಳಿನಷ್ಟು ಬಿಳಿ, ಹೆಗಲಿನ ಎತ್ತರ ಐದೂವರೆ ಅಡಿ. ಯಾರ್ಡ್‌ನ ಒಡತಿ ಮಿಸೆಸ್ ಪೆಂಡಲ್ ಅವನನ್ನು ತಾವೇ ಆರಿಸಿ ತಂದಿದ್ದರು. ಮೊದಲ ದಿನವೇ, "ಮಿಸೆಸ್ ರಾವ್, ಇಪ್ಪತ್ತು ವರ್ಷದಿಂದ ಇಂಥ ಕುದುರೆಗೆ ಕಾಯ್ತಾ ಇದ್ದೆ," ಎಂದರು. ನನಗೂ ಹಾಗೇ ಅನ್ನಿಸಿತ್ತು, ಆದರೆ ಹೇಳಲಿಲ್ಲ. ಅವನಿಗೆ ಲಗಾಮು ಕಚ್ಚಿಸಿದವಳು ನಾನು, ಉದ್ದ ಹಗ್ಗದಲ್ಲಿ ಸುತ್ತು ತಿರುಗಿಸಿದವಳು ನಾನು, ಮೊದಲ ಸಲ ಬೆನ್ನ ಮೇಲೆ ಕೂತವಳೂ ನಾನೇ. ಎಂಟು ತಿಂಗಳು ಬೇರೆ ಯಾರನ್ನೂ ಹತ್ತಿಸಲಿಲ್ಲ. ಎಳೆ ಕುದುರೆಯ ಬಾಯಿ ಸೂಕ್ಷ್ಮ, ಒರಟು ಕೈ ಬಿದ್ದರೆ ಕೆಟ್ಟುಹೋಗುತ್ತದೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅದು ಅರ್ಧ ನಿಜ. ಉಳಿದರ್ಧ ಹೊಟ್ಟೆಕಿಚ್ಚು. ಅವನು ನನ್ನ ಕೈಯಲ್ಲಿ ಬೆಣ್ಣೆಯ ಹಾಗಿದ್ದ, ಆ ಬೆಣ್ಣೆಯನ್ನು ಹಂಚಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಮೇ ತಿಂಗಳಲ್ಲಿ ಅವನ ಮೊದಲ ಶೋ. ಸುತ್ತು ಹಾಕುವಾಗ ಅವನು ಎಷ್ಟು ಚೆನ್ನಾಗಿ ನಡೆದ ಎಂದರೆ ನಮ್ಮನ್ನು ಸಾಲಿನ ಮೊದಲಿಗೇ ಕರೆದರು. ಆ ದಿನದ ಜಡ್ಜ್ ಒಬ್ಬ ನಿವೃತ್ತ ರೈತ, ದೊಡ್ಡ ಆಳು, ಒಂದು ಸೊಂಟ ಜಖಂ. ರಿಂಗ್ ಉಸ್ತುವಾರಿಯ ಸ್ಟೂವರ್ಡ್ ಅವರ ಕಾಲೆತ್ತಿ ಹತ್ತಿಸಿದ. ಹತ್ತಿದವರು ಜೀನಿನ ಮೇಲೆ ಮೂಟೆ ಒಗೆದ ಹಾಗೆ ದೊಪ್ಪೆಂದು ಕೂತರು. ಗಿಲ್ಬರ್ಟ್‌ನ ಬೆನ್ನು ಬಿಲ್ಲಿನಂತೆ ಬಾಗಿದ್ದು ನನಗೆ ಕಂಡಿತು. "ಸರ್—" ಅನ್ನುವಷ್ಟರಲ್ಲಿ ಮೂರು ಸಲ ನೆಗೆದಿದ್ದ. ಮೂರನೆಯದಕ್ಕೆ ಜಡ್ಜ್ ಹುಲ್ಲಿನ ಮೇಲಿದ್ದರು. ಅವರ ಮಣಿಕಟ್ಟು ಮುರಿಯಿತು. ಮೈದಾನದ ಅಂಚಿನಲ್ಲಿ ನುಡಿಸುತ್ತಿದ್ದ ಬ್ಯಾಂಡ್ ನಿಂತಿತು. ನಮ್ಮನ್ನು ರಿಂಗ್‌ನಿಂದ ಹೊರಗೆ ಕಳಿಸಿದರು.

ಲಾರಿಯನ್ನು ಮಿಸೆಸ್ ಪೆಂಡಲ್ ತಾವೇ ಓಡಿಸಿಕೊಂಡು ವಾಪಸು ಬಂದರು. ಯಾರ್ಡ್‌ಗೆ ಬಂದು ಗೇಟು ಹಾಕಿದ ಮೇಲೆ ಹೇಳಿದರು: ಜಡ್ಜನ್ನು ಕೆಡವಿದ ಕುದುರೆಯನ್ನು ನಿಜ ಹೇಳಿ ಮಾರಲು ಆಗುವುದಿಲ್ಲ, ಸುಳ್ಳು ಹೇಳಿ ಮಾರಲು ತಾವು ತಯಾರಿಲ್ಲ. ಹಾಗಾಗಿ ಉಳಿದದ್ದು ಎರಡೇ ದಾರಿ. ಒಂದು, ವೆಟ್, ಎಂದರೆ ಪಶುವೈದ್ಯರು, ಬಂದು ತಲೆಗೆ ಗುಂಡು. ಇನ್ನೊಂದು, ಹಳೆಯ ಪದ್ಧತಿ. ಶೋ ದಿನ ನಸುಕಿಗೇ ಎರಡು ಗಂಟೆ ಅವನನ್ನು ಬಿಡದೆ ಓಡಿಸಿ ಸುಸ್ತು ಮಾಡುವುದು, ಮೇವಿನಲ್ಲಿ "ಎ ಲಿಟಲ್ ಸಮ್‌ಥಿಂಗ್" ಬೆರೆಸುವುದು. ಎಂದರೆ ಮಂಕು ಬರಿಸುವ ಔಷಧಿ. ಅದಕ್ಕೆ ನಿಷೇಧವಿದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

"ಎರಡೂ ಬೇಡ," ಎಂದೆ.

"ಕುದುರೆ ನನ್ನದು, ಮಿಸೆಸ್ ರಾವ್."

"ತಪ್ಪು ನನ್ನದು. ನನ್ನ ತಪ್ಪಿಗೆ ಅವನಿಗೆ ಯಾಕೆ ಗುಂಡು? ಔಷಧಿ ಹಾಕೋದಾದರೆ ಹತ್ತೋ ಜಡ್ಜ್‌ಗೆ ನೀವೇ ಹೇಳಿ, ಈ ಪ್ರಾಣಿಗೆ ತನ್ನ ಕಾಲು ತನಗೆ ಗೊತ್ತಾಗ್ತಿಲ್ಲ ಅಂತ."

ಅವರ ಮುಖ ಕೆಂಪಾಯಿತು. ನಮ್ಮ ಕಾನ್ವೆಂಟಿನ ಸನ್ಯಾಸಿನಿಯರು ಕಲಿಸಿದ ಇಂಗ್ಲಿಷಿನಲ್ಲಿ ಒಂದು ಅನುಕೂಲವಿದೆ. ಎಂಥ ಒರಟು ಮಾತನ್ನಾಡಿದರೂ ಅದು ಚಹಾಕ್ಕೆ ಕರೆದ ಹಾಗೆ ಕೇಳುತ್ತದೆ. ಕೊನೆಗೆ ನಾನೇ ಕರಾರು ಇಟ್ಟೆ: ಜುಲೈನ ಶೋಗೆ ಆರು ವಾರ ಇದೆ, ಆ ಆರು ವಾರ ನನಗೆ ಕೊಡಿ. ಅಲ್ಲಿ ಅವನು ಮತ್ತೆ ಯಾರನ್ನಾದರೂ ಕೆಡವಿದರೆ ವೆಟ್‌ಗೆ ನಾನೇ ಫೋನ್ ಮಾಡುತ್ತೇನೆ. ಅವನು ಹೋದ ದಿನವೇ ಫ್ಲ್ಯಾಟಿನ ಕೀಲಿಯನ್ನೂ ಕೊಟ್ಟುಬಿಡುತ್ತೇನೆ.

"ಸಿಕ್ಸ್ ವೀಕ್ಸ್," ಎಂದು ಅವರು ಮನೆಯೊಳಗೆ ಹೋದರು.

ಮರುದಿನ ಮಧ್ಯಾಹ್ನ ಅವನ ಲಾಯದ ಹುಲ್ಲಿನ ಮೇಲೆ ಕೂತು ಲೆಕ್ಕ ಹಾಕಿದೆ. ನನ್ನ ತೂಕ ಎಂಟೂವರೆ ಸ್ಟೋನ್, ಎಂದರೆ ಐವತ್ತನಾಲ್ಕು ಕಿಲೋ. ನಾನು ಕಟ್ಟೆಯ ಮೇಲೆ ನಿಂತು, ಹಕ್ಕಿ ಕೂತ ಹಾಗೆ ಜೀನಿಗೆ ಇಳಿಯುತ್ತಿದ್ದೆ. ಮನುಷ್ಯ ಎಂದರೆ ಇಷ್ಟೇ ಭಾರ, ಇದೇ ವಾಸನೆ ಎಂದು ಅವನು ಎಂಟು ತಿಂಗಳು ತಿಳಿದುಕೊಂಡಿದ್ದ. ಅಪರಿಚಿತರಿಗೆಂದೇ ತಯಾರಾಗಬೇಕಾದ ಕುದುರೆಯನ್ನು ಅಪರಿಚಿತರಿಂದ ಮುಚ್ಚಿಟ್ಟು ಬೆಳೆಸಿದ್ದೆ. ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ ಟ್ರೇನರ್ ಮಾಡಿದ ತಪ್ಪು ಇದು.

ಮರಳಿನ ಚೀಲಗಳನ್ನು ಜೀನಿಗೆ ಕಟ್ಟಿ ನೋಡಿದೆ. ಅವನು ಕ್ಯಾರೇ ಅನ್ನಲಿಲ್ಲ. ಚೀಲ ಅಲುಗಾಡುವುದಿಲ್ಲ, ಏದುಸಿರು ಬಿಡುವುದಿಲ್ಲ, ಬ್ಯಾಲೆನ್ಸ್ ತಪ್ಪಿ ಲಗಾಮು ಜಗ್ಗುವುದಿಲ್ಲ. ಬೇಕಾಗಿದ್ದದ್ದು ಜೀವಂತ, ದಪ್ಪ, ಅಡ್ಡಾದಿಡ್ಡಿ ಮನುಷ್ಯ. ಕುದುರೆ ಜನ ಯಾರೂ ಒಪ್ಪಲಿಲ್ಲ, ಸುದ್ದಿ ಎಲ್ಲ ಯಾರ್ಡ್‌ಗಳಿಗೂ ಮುಟ್ಟಿತ್ತು.

ಆ ಭಾನುವಾರ ಸ್ಟ್ಯಾನ್ಮೋರ್‌ನಲ್ಲೇ ಡಾಕ್ಟರ್ ಹಿರೇಮಠರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹಿರೇಮಠರು ಧಾರವಾಡದವರು, ಅರಿವಳಿಕೆ ಕೊಡುವ ಡಾಕ್ಟರು, ನಮ್ಮ ಯಜಮಾನರ ಹಳೆಯ ಸಹೋದ್ಯೋಗಿ. ಅವರ ಹೆಂಡತಿ ವಿಮಲಾಗೆ ನನ್ನ ಕೆಲಸದ ಬಗ್ಗೆ ಮೊದಲಿನಿಂದಲೂ ಮುಜುಗರ. ಪ್ರಸಾದ ಬಡಿಸುತ್ತಾ ಶುರು ಮಾಡಿದಳು: "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಡಾಕ್ಟರ್ ಹೆಂಡ್ತಿ ಆಗಿ ನೀವು ಲದ್ದಿ ಬಳಿಯೂದು ಮಂದಿ ಕಣ್ಣಿಗೆ ಛಲೋ ಕಾಣಂಗಿಲ್ಲ."

"ಬಳಿದರೆ ಲಾಯ ಸ್ವಚ್ಛ ಆಗುತ್ತೆ ವಿಮಲಾ. ಮಂದಿ ಮಾತು ಎಷ್ಟು ಬಳಿದರೂ ಹೋಗಲ್ಲ," ಎಂದೆ.

ಹಿರೇಮಠರು ಸೋಫಾ ತುಂಬ ಕೂತು ನಕ್ಕರು. ಸೋಫಾ ಕೂಡ ನಕ್ಕ ಹಾಗೆ ಕುಲುಕಿತು. ನಾನು ಅವರನ್ನು ಮೇಲಿಂದ ಕೆಳಗೆ ನೋಡಿದೆ. ಯಾರನ್ನೂ ಹಾಗೆ ನೋಡಬಾರದು ಎಂದು ನನಗೆ ಕಲಿಸಿದ್ದಾರೆ, ಆದರೂ ನೋಡಿದೆ.

"ಡಾಕ್ಟ್ರೇ, ನಿಮ್ಮ ತೂಕ ಎಷ್ಟು?"

"ಯಾಕ್ರಿ? ಹದಿನೇಳು ಸ್ಟೋನ್. ನೂರಾ ಎಂಟು ಕಿಲೋ. ಅಷ್ಟೋತ್ತರ ಅಂತ ತಿಳೀರಿ."

"ಕುದುರೆ ಹತ್ತಿದ್ದೀರಾ?"

"ಮದವೀ ದಿನ ಒಂದು ಸಲ ಹತ್ತಿದ್ದೆ. ಆ ಕುದರಿ ಇನ್ನೂ ನೆನಸ್ಕೊಂಡು ಅಳತದಂತ."

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುರಿದ ಮಣಿಕಟ್ಟು, ಗುಂಡು, ಆರು ವಾರ, ನನ್ನ ಕೀಲಿ, ಏನನ್ನೂ ಮುಚ್ಚಲಿಲ್ಲ. ಅಪಾಯ ಇದೆ ಎಂದೂ ಹೇಳಿದೆ. ವಿಮಲಾ ಬಟ್ಟಲು ಕೆಳಗಿಟ್ಟು, "ನಿಮಗೇನ್ ಹುಚ್ಚು ಹಿಡದದೇನ್ರಿ ಅಕ್ಕಾರ?" ಎಂದಳು. ಹಿರೇಮಠರು ಗಡ್ಡ ಕೆರೆದುಕೊಂಡರು. "ಇಪ್ಪತ್ತು ವರ್ಷದಿಂದ ನನ್ನ ಜಿಪಿ ಡಾಕ್ಟರ ತೂಕ ಇಳಸ್ರಿ, ತೂಕ ಇಳಸ್ರಿ ಅಂತಾನ. ಇವತ್ತ ಮೊದಲನೇ ಸಲ ಈ ಹೊಟ್ಟಿ ಬೇಕು ಅನ್ನೋರು ಸಿಕ್ಕಾರ. ಬರ್ತೀನ್ರಿ."

ಮುಂದಿನ ಭಾನುವಾರ ಬೆಳಿಗ್ಗೆ ಬಂದರು. ಹತ್ತಿಸಲಿಲ್ಲ. ಮೊದಲ ದಿನ ಬರೀ ಕ್ಯಾರೆಟ್ ತಿನ್ನಿಸಿ, ಕುತ್ತಿಗೆ ತಟ್ಟಿ ಹೋದರು. ಎರಡನೆಯ ಸಲ ಕಟ್ಟೆಯ ಮೇಲೆ ನಿಂತು ಹೊಟ್ಟೆಯನ್ನು ಜೀನಿನ ಮೇಲೆ ಅಡ್ಡ ಹಾಕಿ ಒರಗಿದರು. ನಾನು ಗಿಲ್ಬರ್ಟ್‌ನ ತಲೆ ಹಿಡಿದಿದ್ದೆ. ಅವನ ಕಣ್ಣಿನ ಬಿಳಿ ಕಂಡಿತು. "ಮಾತಾಡಿ ಡಾಕ್ಟ್ರೇ, ಏನಾದರೂ ಮಾತಾಡ್ತಾ ಇರಿ," ಎಂದೆ. ಆಪರೇಷನ್‌ಗೆ ಮುಂಚೆ ಪೇಷೆಂಟ್‌ಗೆ ಹೇಳುವ ದನಿಯಲ್ಲೇ ಅವರು, "ಏನೂ ಆಗಂಗಿಲ್ಲಪಾ, ನಾ ಇದ್ದೀನಿ, ಹತ್ತರಿಂದ ಹಿಂದಕ ಎಣಸು," ಎಂದು ಶುರು ಮಾಡಿದರು. ಕುದುರೆಯ ಬೆನ್ನು ಸ್ವಲ್ಪ ಸಡಿಲವಾಯಿತು.

ಮೂರನೆಯ ವಾರ ಕೂತರು, ಮೆಲ್ಲಗೆ. ನಾಲ್ಕನೆಯ ವಾರ, "ಇವತ್ತು ದೊಪ್ಪ ಅಂತ ಕೂತ್ಕೊಳ್ಳಿ," ಎಂದೆ. ಕೂತರು. ಗಿಲ್ಬರ್ಟ್ ಒಂದೇ ಒಂದು ಸಲ ನೆಗೆದ. ಹಿರೇಮಠರು ಒಂದು ಪಕ್ಕಕ್ಕೆ ಜಾರುತ್ತಾ, ಜಾರುತ್ತಾ, ಮರಳಿನ ಮೇಲೆ ಕೂತರು. ಇನ್ನೆರಡು ವಾರ ಮಾತ್ರ ಉಳಿದಿತ್ತು, ಮಿಸೆಸ್ ಪೆಂಡಲ್ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು.

ಆದರೆ ಗಿಲ್ಬರ್ಟ್ ಎರಡನೆಯ ಸಲ ನೆಗೆಯಲಿಲ್ಲ. ಓಡಲೂ ಇಲ್ಲ. ನಿಂತು, ತಲೆ ತಿರುಗಿಸಿ, ಕೆಳಗೆ ಕೂತ ಮನುಷ್ಯನ ಟೋಪಿ ಮೂಸಿದ.

"ಡಾಕ್ಟ್ರೇ, ಪೆಟ್ಟಾಯ್ತಾ?"

"ಮರ್ಯಾದಿಗಷ್ಟ ಆಗೇದ್ರಿ. ಎಬ್ಬಸ್ರಿ, ಈಗಿಂದೀಗ ಮತ್ತ ಹತ್ತತೀನಿ. ಇಲ್ಲಂದ್ರ ಇವನೂ ಅಂಜತಾನ, ನಾನೂ ಅಂಜತೀನಿ."

ಹತ್ತಿದರು. ದೊಪ್ಪೆಂದೇ ಕೂತರು. ಗಿಲ್ಬರ್ಟ್ ದೀರ್ಘವಾಗಿ ಉಸಿರು ಬಿಟ್ಟು ನಡೆದ. ನಾನು ಕೆಲಸದಲ್ಲಿ ಅಳುವವಳಲ್ಲ. ಆ ದಿನ ಲಗಾಮಿನ ತುದಿಯಿಂದ ಮೂಗು ಒರೆಸಿಕೊಂಡೆ.

ಆಮೇಲೆ ಹಿರೇಮಠರು ಆಸ್ಪತ್ರೆಯ ಗೆಳೆಯರನ್ನೆಲ್ಲ ಕರೆತಂದರು. ಮೈಸೂರಿನ ಒಬ್ಬ ಸರ್ಜನ್, ಬೆಂಗಳೂರಿನ ಆರಡಿ ಎರಡಿಂಚಿನ ಜಿಪಿ, ಹೀಗೆ ಹಿರೇಮಠರೂ ಸೇರಿ ಒಟ್ಟು ಎಂಟು ಜನ. ಒಬ್ಬರಿಗೆ ಕೆಮ್ಮು, ಒಬ್ಬರದು ಗರಗರ ಸದ್ದು ಮಾಡುವ ರೇನ್‌ಕೋಟ್, ಒಬ್ಬರು ಹತ್ತುವಾಗ ಕಾಲೆತ್ತಿ ಅವನ ಹಿಂಭಾಗಕ್ಕೆ ಒದೆಯುತ್ತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಇನ್ಶೂರೆನ್ಸ್ ಕಾಗದಕ್ಕೆ ಸಹಿ ಹಾಕಿಸಿ, ಹೆಲ್ಮೆಟ್ ತೊಡಿಸಿ, ನಾನೇ ಕುದುರೆಯ ತಲೆ ಹಿಡಿದು ನಡೆಸಿದೆ. ಕೊನೆಯ ಭಾನುವಾರ ವಿಮಲಾ ಈಲಿಂಗ್ ರೋಡ್‌ನ ಗುಜರಾತಿ ಅಂಗಡಿಯಿಂದ ಕಚೋರಿ ಕಟ್ಟಿಸಿಕೊಂಡು ಬಂದಳು. ಎಲ್ಲರಿಗೂ ಕೊಟ್ಟು, ಕೈ ಒರೆಸಿಕೊಂಡು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದಳು.

"ನಾ ಒಬ್ಬಾಕಿನ ಉಳದೇನಿ. ಹತ್ತಸ್ರಿ."

"ಮಂದಿ ಏನಂತಾರೆ ವಿಮಲಾ?"

"ಮಂದಿ ಹಾಳಾಗಿ ಹೋಗ್ಲಿ. ಹಿಡೀರಿ ಕಾಲ."

ಅವಳೊಬ್ಬಳನ್ನು ಗಿಲ್ಬರ್ಟ್ ಮೊದಲ ಕ್ಷಣದಿಂದಲೇ ಒಪ್ಪಿಕೊಂಡ.

ಜುಲೈನ ಶೋ ದಿನ ಬೆಳಿಗ್ಗೆ ಐದಕ್ಕೆ ಮಿಸೆಸ್ ಪೆಂಡಲ್ ರೈಡಿಂಗ್ ಬೂಟು ಹಾಕಿಕೊಂಡು ಲಾಯಕ್ಕೆ ಬಂದರು. ಕೈಯಲ್ಲಿ ಲಗಾಮು, ಕೋಟಿನ ಜೇಬಿನಲ್ಲಿ ಒಂದು ಸಣ್ಣ ಬಾಟಲಿ. ನಾನು ಬಕೆಟ್ ಬೋರಲು ಹಾಕಿಕೊಂಡು ಗಿಲ್ಬರ್ಟ್‌ನ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ.

"ಬರೀ ಒಂದು ಗಂಟೆ ಓಡಿಸ್ತೀನಿ," ಎಂದರು. "ನಿಮ್ಮ ಡಾಕ್ಟರುಗಳ ಆಟ ನೋಡಿದ್ದೇನೆ, ಚೆನ್ನಾಗಿತ್ತು. ಆದರೆ ಇದು ಆಟ ಅಲ್ಲ."

"ಆರು ವಾರ ಕೊಟ್ಟಿದ್ದೀರಿ. ಇವತ್ತಿನ ದಿನವೂ ಅದರಲ್ಲೇ ಸೇರುತ್ತೆ. ಒಳಗೆ ಹೋಗಬೇಕಾದರೆ ನನ್ನನ್ನು ಎತ್ತಿ ಪಕ್ಕಕ್ಕಿಡಬೇಕು."

ಅವರು ಕೋಟಿನ ಜೇಬಿನ ಗುಂಡಿ ಹಾಕಿಕೊಂಡರು. ಆಮೇಲೆ ಲಗಾಮನ್ನು ಗೋಡೆಯ ಮೊಳೆಗೆ ಹಾಕಿ ಹೋದರು. ನಾನು ಎದ್ದು ಅವನ ಜೂಲು ಹೆಣೆಯಲು ನಿಂತೆ. ಮೊದಲ ಮೂರು ಜಡೆ ಬಿಚ್ಚಿ ಮತ್ತೆ ಹೆಣೆಯಬೇಕಾಯಿತು.

ರಿಂಗ್‌ನಲ್ಲಿ ಹನ್ನೊಂದು ಕುದುರೆ. ಜಡ್ಜ್ ಹಿಂದಿನವರಿಗಿಂತಲೂ ದಪ್ಪ. ಒಂದೊಂದಾಗಿ ಹತ್ತಿ ಇಳಿಯುತ್ತಾ ಬಂದರು. ನಮ್ಮ ಸರದಿ ಬಂದಾಗ ಸ್ಟೂವರ್ಡ್ ಮಾತ್ರ ಹತ್ತಿರ ಬಂದು ದನಿ ತಗ್ಗಿಸಿ, "ಜಡ್ಜ್ ಇವನನ್ನು ಹತ್ತದಿರಲು ಬಯಸುತ್ತಾರೆ, ಮೇಡಂ," ಎಂದ. ಅದು ಅವರ ಹಕ್ಕು. ಅಪಾಯ ಅನ್ನಿಸಿದ ಕುದುರೆಯನ್ನು ಜಡ್ಜ್ ಹತ್ತಬೇಕಿಲ್ಲ. ಆದರೆ ಹತ್ತದಿದ್ದರೆ ಸವಾರಿಯ ಅಂಕ ಇಲ್ಲ, ಅಪಾಯ ಎಂಬ ಮುದ್ರೆ ಖಾಯಂ. ಆಮೇಲೆ ಅವನನ್ನು ತೋರಿಸುವಂತಿಲ್ಲ, ಮಾರುವಂತಿಲ್ಲ, ನಾಳೆ ವೆಟ್‌ಗೆ ಫೋನ್.

ರಿಂಗ್‌ನಲ್ಲಿ ಜಡ್ಜ್ ಮಾತಾಡಿಸದೆ ನಾವು ಮಾತಾಡಬಾರದು. ನಾನು ಕುದುರೆಯನ್ನು ಹಿಡಿದುಕೊಂಡು ಸಾಲು ಬಿಟ್ಟು ನೇರ ಅವರ ಮುಂದೆ ಹೋಗಿ ನಿಂತೆ.

"ಸರ್, ಮೇ ತಿಂಗಳಲ್ಲಿ ಇವನು ಹೊಸಬರನ್ನು ಕಂಡಿರಲಿಲ್ಲ. ಅದು ಟ್ರೇನರ್ ತಪ್ಪು. ಆ ಟ್ರೇನರ್ ನಾನೇ. ಈ ಆರು ವಾರದಲ್ಲಿ ಒಂಬತ್ತು ಜನ ಹೊಸಬರು ಇವನನ್ನು ಹತ್ತಿದ್ದಾರೆ, ಒಬ್ಬರಿಗೂ ಸವಾರಿ ಬರಲ್ಲ. ಅವರು ಹತ್ತಿದರು. ನಿಮಗೆ ಸವಾರಿ ಬರುತ್ತೆ."

ಸ್ಟೂವರ್ಡ್ ಕೆಮ್ಮಿದ. ಜಡ್ಜ್ ಬೆವರಿದೆಯೇ ಎಂದು ಗಿಲ್ಬರ್ಟ್‌ನ ಕುತ್ತಿಗೆ ಮುಟ್ಟಿ ನೋಡಿದರು. "ಇವತ್ತು ಬೆಳಿಗ್ಗೆ ಎಷ್ಟು ಹೊತ್ತು ಓಡಿಸಿದ್ದೀರಿ?"

"ಹತ್ತು ನಿಮಿಷ, ನಡಿಗೆ ಮಾತ್ರ. ಬೇಕಿದ್ದರೆ ರಕ್ತ ಪರೀಕ್ಷೆ ಮಾಡಿಸಿ."

ಅವರು ಟೋಪಿ ಸರಿಮಾಡಿಕೊಂಡು ಕಾಲು ಚಾಚಿದರು. ಹತ್ತಿದರು. ದೊಪ್ಪೆಂದು ಕೂತರು. ಗಿಲ್ಬರ್ಟ್‌ನ ಕಿವಿ ಎರಡೂ ಹಿಂದಕ್ಕೆ ಹೋದವು. ಬೆನ್ನು ಒಂದು ಕ್ಷಣ ಗಟ್ಟಿಯಾಯಿತು. ನಾನು ಉಸಿರು ಹಿಡಿದೆ. ಅವನು ಉಸಿರು ಬಿಟ್ಟ. ಕಿವಿ ಮುಂದಕ್ಕೆ ಬಂದವು, ನಡೆದ. ಟ್ರಾಟ್ ಎಂಬ ಕುಲುಕು ಓಟ, ಕ್ಯಾಂಟರ್ ಎಂಬ ಹದವಾದ ಓಟ, ಆಮೇಲೆ ಉದ್ದ ಬದಿಯಲ್ಲಿ ಪೂರ್ತಿ ವೇಗದ ಗ್ಯಾಲಪ್. ಸುಸ್ತಾಗದ ಕುದುರೆಯ ಗ್ಯಾಲಪ್ ಹೇಗಿರುತ್ತದೆ ಎಂದು ಆ ಮೈದಾನ ನೋಡಿತು. ಬೇರೆಯವರಿಗೆ ಒಂದು ಸುತ್ತು, ನಮಗೆ ಎರಡು ಹಾಕಿದರು. ಇಳಿದು ಲಗಾಮು ಕೈಗೆ ಕೊಡುತ್ತಾ, "ಥ್ಯಾಂಕ್ ಯೂ ಫಾರ್ ಯುವರ್ ಇಂಪರ್ಟಿನೆನ್ಸ್, ಮೇಡಂ," ಎಂದರು. ಉದ್ಧಟತನಕ್ಕೆ ಧನ್ಯವಾದ! ನಲವತ್ತು ವರ್ಷದ ಹಿಂದೆ ನಮ್ಮ ಮದರ್ ಸುಪೀರಿಯರ್ ಅದೇ ಪದಕ್ಕೆ ನನ್ನನ್ನು ಕ್ಲಾಸಿನ ಹೊರಗೆ ನಿಲ್ಲಿಸಿದ್ದರು.

ನಮಗೆ ಮೂರನೆಯ ಸ್ಥಾನ ಬಂತು. ಮೊದಲೆರಡು ಕುದುರೆಗಳ ಮೈಕಟ್ಟು ನಿಜಕ್ಕೂ ಉತ್ತಮ, ತಕರಾರಿಲ್ಲ. ಫೋನ್‌ನಲ್ಲಿ ಹೇಳಿದಾಗ ಹಿರೇಮಠರು, "ಮೂರನೇದ್ದಾ? ಏನ್ ಬ್ಯಾಸರ ಮಾಡ್ಕೋಬ್ಯಾಡ್ರಿ. ನಾ ಎಂಬಿಬಿಎಸ್ ಎರಡನೇ ಸಲಕ್ಕ ಪಾಸ್ ಆಗೇನಿ," ಎಂದರು.

ಮಿಸೆಸ್ ಪೆಂಡಲ್ ಕ್ಷಮೆ ಕೇಳುವ ಜನ ಅಲ್ಲ. ಲಾರಿಯ ಬಾಗಿಲು ಹಾಕುತ್ತಾ ಹೇಳಿದರು: "ಬೆಳಿಗ್ಗೆ ಸ್ವಲ್ಪ ಓಡಿಸಿದ್ದರೆ ಇನ್ನೂ ಶಾಂತವಾಗಿರ್ತಿದ್ದ. ಮುಂದಿನ ಸಲ ನೋಡೋಣ."

"ಮುಂದಿನ ಸಲವೂ ಇಲ್ಲ," ಎಂದೆ.

"ಹಾಗಾದರೆ ಬಿಟ್ಟು ಹೋಗ್ತೀರಾ?"

"ಅದೂ ಇಲ್ಲ."

ಹೋಗಲಿಲ್ಲ. 2007ರವರೆಗೆ ಅಲ್ಲೇ ಇದ್ದೆ. ಆ ಒಂಬತ್ತು ವರ್ಷದಲ್ಲಿ ಆ ಯಾರ್ಡ್‌ನ ಯಾವ ಎಳೆ ಕುದುರೆಯೂ ಹೊಸಬರ ಭಾರ ಕಾಣದೆ ರಿಂಗ್‌ಗೆ ಹೋಗಲಿಲ್ಲ, ಯಾವುದನ್ನೂ ನಸುಕಿಗೆ ಓಡಿಸಿ ಸುಸ್ತು ಮಾಡಲು ನಾನು ಬಿಡಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಒಂದೇ. ದಣಿದು ತಲೆ ತಗ್ಗಿಸಿದ ಪ್ರಾಣಿಯನ್ನು ನೋಡಿ ಜನ ಎಷ್ಟು ಸಾಧು ಎನ್ನುತ್ತಾರೆ. ಅದು ಸಾಧುವಲ್ಲ, ಅದರಲ್ಲಿ ಬೇಡ ಅನ್ನಲು ಶಕ್ತಿ ಉಳಿದಿಲ್ಲ, ಅಷ್ಟೆ. ಯಜಮಾನರು ಹೋದ ಮೇಲಿನ ಮೂರು ವರ್ಷ ನನ್ನನ್ನೂ ಎಲ್ಲರೂ ಹಾಗೇ ಹೊಗಳಿದ್ದರು, ಎಷ್ಟು ಸಮಾಧಾನ, ಎಷ್ಟು ತಾಳ್ಮೆ ಅಂತ. ಗಿಲ್ಬರ್ಟ್‌ಗೆ ಆ ದಿನ ಆ ಜಡ್ಜನ್ನು ಒಗೆಯುವ ಬಲ ಮೈತುಂಬ ಇತ್ತು. ಅವನು ಒಗೆಯಲಿಲ್ಲ. ನಡತೆ ಅಂದರೆ ಅದು. ಅದಕ್ಕಿಂತ ಕಡಿಮೆಯದನ್ನು ನಡತೆ ಅಂತ ಯಾರು ತಂದು ತೋರಿಸಿದರೂ, ಈಗಲೂ, ಈ ವಯಸ್ಸಿನಲ್ಲೂ, ನಾನು ಒಪ್ಪುವುದಿಲ್ಲ.